ಕುಂಕುಮದ ಡಬ್ಬಿಯಲ್ಲಿ ಬಂದ ಕಲ್ಲು



ಚಿತ್ರದುರ್ಗದ ಕಡೆಯ ಹಳ್ಳಿಯೊಂದರಿಂದ ಅಜ್ಜಿಯೊಬ್ಬರು ಆರು ವರ್ಷದ ಮೊಮ್ಮಗನನ್ನು ಕರೆದುಕೊಂಡು ನನ್ನ ಹತ್ತಿರ ಬಂದಿದ್ದರು. ಹುಡುಗನ ಅಪ್ಪ ಅಮ್ಮನೂ ಜೊತೆಗಿದ್ದರು, ಆದರೆ ಮಾತೆಲ್ಲ ಅಜ್ಜಿಯದೇ. ಕುಳಿತವರೇ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ಹಿತ್ತಾಳೆಯ ಕುಂಕುಮದ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಹತ್ತಿಯಲ್ಲಿ ಸುತ್ತಿದ ಒಂದು ಕಲ್ಲು. ಕಡಲೆಬೇಳೆಯಷ್ಟು ದಪ್ಪ, ಜೇನುಮೇಣದಂಥ ಹಳದಿ.

"ಎರಡು ಸಲ ಆಪರೇಷನ್ ಆಗೈತೆ ಡಾಕ್ಟ್ರಮ್ಮ. ಆಗ ತೆಗೆದಿದ್ದು ಎಲ್ಲಿ ಹೋಯ್ತೋ ಗೊತ್ತಿಲ್ಲ. ಇದು ಮೊನ್ನೆ ಉಚ್ಚೆ ಜೊತೆ ತಾನಾಗೇ ಬಿತ್ತು. ಹುಡುಗ ಅಂಗಳ ಎಲ್ಲಾ ಹೊರಳಾಡಿಬಿಟ್ಟ. ಅಷ್ಟು ಕಷ್ಟ ಕೊಟ್ಟಿದ್ದನ್ನ ಬಿಸಾಕಕ್ಕೆ ಮನಸ್ಸು ಬರಲಿಲ್ಲ." ಆಮೇಲೆ ಸ್ವಲ್ಪ ಸುಮ್ಮನಿದ್ದು ಅಂದರು: "ತೆಗೀತಾರೆ, ಮತ್ತೆ ಬರ್ತೈತೆ. ಯಾಕೆ ಬರ್ತೈತೆ ಅಂತ ಮಾತ್ರ ಯಾರೂ ಹೇಳಲಿಲ್ಲ."

ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ದೊಡ್ಡವರ ಕಿಡ್ನಿಯಲ್ಲಿ ಒಂದು ಕಲ್ಲು ಕಂಡರೆ ಬಿಸಿಲ ಕೆಲಸ, ಕಡಿಮೆ ನೀರು ಎಂದು ಹೇಳಿ ಮುಂದಕ್ಕೆ ಹೋಗುವುದುಂಟು. ಮಗುವಿನ ವಿಷಯದಲ್ಲಿ ಹಾಗೆ ಮುಂದಕ್ಕೆ ಹೋಗಬಾರದು. ಮಕ್ಕಳಲ್ಲಿ ಕಲ್ಲು ದೊಡ್ಡವರಿಗಿಂತ ಎಷ್ಟೋ ಅಪರೂಪ. ಬಂದಾಗ ಶ್ರದ್ಧೆಯಿಂದ ಹುಡುಕಿದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಹಿಂದೆ ನಿಂತ ಕಾರಣವೊಂದು ಕೈಗೆ ಸಿಗುತ್ತದೆ. ಕಾರಣ ಒಳಗೇ ಉಳಿದಿರುವಾಗ ಕಲ್ಲನ್ನಷ್ಟೇ ತೆಗೆದರೆ ಅದು ಮತ್ತೆ ಬೆಳೆಯುತ್ತದೆ. ಮಗುವಿಗೆ ಮುಂದೆ ಎಪ್ಪತ್ತು ವರ್ಷದ ಆಯಸ್ಸಿದೆ, ಆ ಎರಡು ಕಿಡ್ನಿಗಳು ಅಷ್ಟೂ ಕಾಲ ಬಾಳಬೇಕು.

ನಮ್ಮ ಊರುಗಳಲ್ಲಿ ಇದಕ್ಕೆ ಕೊಡುವ ಕಾರಣಗಳನ್ನು ಮೊದಲು ನೋಡೋಣ. ಅನ್ನದಲ್ಲಿ ಕಲ್ಲು ಆರಿಸಿರಲಿಲ್ಲ, ಮಗು ಮಣ್ಣು ತಿನ್ನುತ್ತಿತ್ತು, ಟೊಮೆಟೊ ಬೀಜ ಹೋಗಿ ಕೂತಿತು, ಬೋರ್‌ವೆಲ್ಲಿನ ಗಡಸು ನೀರು. ಬಾಯಿಂದ ಹೋದ ಕಲ್ಲು, ಮಣ್ಣು, ಬೀಜ ಯಾವುದೂ ಕಿಡ್ನಿಯ ದಾರಿ ಹಿಡಿಯುವುದಿಲ್ಲ. ಅವುಗಳ ದಾರಿ ಕರುಳಿನದು, ಮಾರನೇ ದಿನ ಹೊರಗೆ ಹೋಗುತ್ತವೆ. ಕಿಡ್ನಿಗೆ ಬರುವುದು ರಕ್ತದಲ್ಲಿ ಕರಗಿದ್ದು ಮಾತ್ರ. ಗಡಸು ನೀರಿನ ಮೇಲೆ ಜನರಿಗೆ ಬಹಳ ಗುಮಾನಿ. ಪಾತ್ರೆಯ ತಳದಲ್ಲಿ ಬಿಳಿ ಕರೆ ಕಟ್ಟುವುದನ್ನು ದಿನಾ ನೋಡುವವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಗಡಸು ನೀರು ಕುಡಿದು ಕಲ್ಲಾದವರಿಗಿಂತ ಯಾವ ನೀರನ್ನೂ ಸರಿಯಾಗಿ ಕುಡಿಯದೆ ಕಲ್ಲಾದವರನ್ನೇ ನಾನು ಹೆಚ್ಚು ಕಂಡಿದ್ದೇನೆ.

ಹಾಗಾದರೆ ಕಲ್ಲು ಹೇಗೆ ಹುಟ್ಟುತ್ತದೆ? ಅಡುಗೆಮನೆಗೇ ಹೋಗೋಣ. ಜಾಮೂನಿಗೆ ಸಕ್ಕರೆ ಪಾಕ ಕಾಯಿಸುತ್ತೀರಿ. ನೀರು ಆರುತ್ತಾ ಹೋದಂತೆ ಪಾಕ ಗಟ್ಟಿಯಾಗುತ್ತದೆ. ಒಂದು ಹದ ಮೀರಿದರೆ ಪಾತ್ರೆಯ ಅಂಚಿನಲ್ಲಿ ಸಕ್ಕರೆ ಮತ್ತೆ ಹರಳುಗಟ್ಟುತ್ತದೆ. ಹಾಗಾಗದಿರಲಿ ಎಂದು ಅನುಭವಸ್ಥರು ನಾಲ್ಕು ತೊಟ್ಟು ನಿಂಬೆರಸ ಹಿಂಡುತ್ತಾರೆ. ಮೂತ್ರವೂ ಒಂದು ಪಾಕವೇ. ಅದರಲ್ಲಿ ಕ್ಯಾಲ್ಸಿಯಂ, ಆಕ್ಸಲೇಟ್, ಯೂರಿಕ್ ಆಮ್ಲ, ಫಾಸ್ಫೇಟ್ ಕರಗಿರುತ್ತವೆ. ನೀರು ಕಡಿಮೆಯಾದರೆ, ಅಥವಾ ಈ ಪದಾರ್ಥಗಳಲ್ಲಿ ಒಂದು ಅಳತೆ ಮೀರಿದರೆ, ಹರಳು ಕಟ್ಟುತ್ತದೆ. ಹರಳು ಕಟ್ಟದಂತೆ ತಡೆಯುವ ನಿಂಬೆರಸವೂ ಮೂತ್ರದಲ್ಲಿ ಇದೆ. ಅದರ ಹೆಸರು ಸಿಟ್ರೇಟ್, ನಿಂಬೆಯ ಹುಳಿಯ ನೆಂಟನೇ. ಪಾಕದಲ್ಲಿ ನಡೆಯುವ ರಸಾಯನ ಬೇರೆ, ಮೂತ್ರದಲ್ಲಿ ನಡೆಯುವುದು ಬೇರೆ. ಇಲ್ಲಿ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ತಾನೇ ಹಿಡಿದುಕೊಂಡು ಆಕ್ಸಲೇಟಿನ ಕೈಗೆ ಸಿಗದಂತೆ ಮಾಡುತ್ತದೆ. ಹೋಲಿಕೆ ಅಷ್ಟರ ಮಟ್ಟಿಗೆ ಸರಿ. ಇನ್ನೊಂದು ಸಂಗತಿಯೆಂದರೆ, ಪಾಕ ಕದಲದೆ ನಿಂತಷ್ಟೂ ಹರಳಿಗೆ ಕೂರಲು ಜಾಗ ಸಿಗುತ್ತದೆ. ಮೂತ್ರ ಹರಿಯದೆ ಎಲ್ಲಾದರೂ ಮಡುಗಟ್ಟಿದರೆ ಅಲ್ಲೂ ಹಾಗೆಯೇ.

ಮಕ್ಕಳ ಕಲ್ಲು ಹೊಸ ಕಾಯಿಲೆಯಲ್ಲ. ಈಜಿಪ್ಟಿನ ಎಲ್ ಅಮ್ರಾ ಎಂಬಲ್ಲಿ ಸಾವಿರಾರು ವರ್ಷ ಹಳೆಯ ಸಮಾಧಿಯೊಳಗೆ, ಹದಿನಾರರ ಆಸುಪಾಸಿನ ಹುಡುಗನೊಬ್ಬನ ಎಲುಬುಗಳ ನಡುವೆ ಮೂತ್ರಕೋಶದ ಕಲ್ಲು ಸಿಕ್ಕಿತ್ತು. ನಮ್ಮ ಸುಶ್ರುತ ಅಶ್ಮರಿ ಎಂದು ಇದನ್ನು ಕರೆದು, ಇದು ವಿಶೇಷವಾಗಿ ಮಕ್ಕಳ ಕಾಯಿಲೆ ಎಂದೇ ಬರೆದ. ನೋವಿಗೆ ಮಗು ಹಲ್ಲು ಕಡಿಯುವುದು, ಹೊಕ್ಕುಳ ಒತ್ತಿಕೊಳ್ಳುವುದು, ಮೂತ್ರ ಬರುವ ಜಾಗವನ್ನು ಕೈಯಿಂದ ಉಜ್ಜುವುದು, ಇವನ್ನೆಲ್ಲ ಆತ ಗಮನಿಸಿದ್ದ. ಕೊನೆಯ ಲಕ್ಷಣವನ್ನು ಇವತ್ತೂ ನಾವು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇವೆ. ಮಕ್ಕಳ ಮೂತ್ರಕೋಶ ಚಿಕ್ಕದು, ಮೈಯಲ್ಲಿ ಮಾಂಸ ಕಡಿಮೆ, ಆದ್ದರಿಂದ ಕಲ್ಲನ್ನು ಹಿಡಿದು ತೆಗೆಯುವುದು ಸುಲಭ ಎಂಬ ಶಸ್ತ್ರವೈದ್ಯನ ಮಾತೂ ಅವನದೇ. ಆದರೂ ಕತ್ತಿ ಹಿಡಿಯುವ ಮೊದಲು ಒಡೆಯನ ಅಪ್ಪಣೆ ಕೇಳು ಎಂದು ಎಚ್ಚರಿಸಿದ್ದಾನೆ. ಈಗ ನಾವು ತಂದೆತಾಯಿಯ ರುಜು ಹಾಕಿಸಿಕೊಳ್ಳುವುದಿಲ್ಲವೇ, ಹಾಗೆ.

ಆ ಕಾಲದ ಕಲ್ಲು ಮೂತ್ರಕೋಶದ್ದು, ಅಂದರೆ ಕೆಳಗಿನ ಚೀಲದ್ದು. ಹೆಚ್ಚಾಗಿ ಗಂಡುಮಕ್ಕಳಿಗೆ, ಎರಡರಿಂದ ಐದು ವರ್ಷದ ವಯಸ್ಸಿನಲ್ಲಿ, ಬಹುಪಾಲು ಬಡವರ ಮನೆಯಲ್ಲಿ ಬರುತ್ತಿತ್ತು. ಇಂಗ್ಲೆಂಡಿನ ನಾರ್ವಿಚ್ ಪಟ್ಟಣದಲ್ಲಿ 1771ರಲ್ಲಿ ಶುರುವಾದ ಆಸ್ಪತ್ರೆ ಇಂಥ ಕಲ್ಲು ತೆಗೆಯುವುದಕ್ಕೇ ಹೆಸರಾಯಿತು. ತೆಗೆದ ಕಲ್ಲುಗಳನ್ನು ಅಲ್ಲಿ ಒಂದೊಂದಾಗಿ ಕೂಡಿಸಿಟ್ಟರು. ನಮ್ಮ ದೇಶದಲ್ಲಿ ವಾಯವ್ಯದ ಪ್ರಾಂತ್ಯಗಳು ಇದಕ್ಕೆ ಕುಖ್ಯಾತವಾಗಿದ್ದವು. ಕಾರಣ ಹುಡುಕಿದವರಲ್ಲಿ ಒಬ್ಬರು ನಮಗೆ ಹತ್ತಿರದ ನೀಲಗಿರಿಯ ಕೂನೂರಿನಲ್ಲಿದ್ದ ರಾಬರ್ಟ್ ಮೆಕ್‌ಕ್ಯಾರಿಸನ್. ಇವರು ನಡೆಸುತ್ತಿದ್ದ ಪ್ರಯೋಗಾಲಯವೇ ಮುಂದೆ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯಾಯಿತು. 1920ರ ದಶಕದಲ್ಲಿ ಇವರು ಇಲಿಗಳಿಗೆ ಹಾಲಿಲ್ಲದ, ವಿಟಮಿನ್ ಎ ಇಲ್ಲದ, ಬರೀ ಧಾನ್ಯದ ಊಟ ಹಾಕಿ ನೋಡಿದರು. ಇಲಿಗಳ ಮೂತ್ರದಲ್ಲಿ ಕಲ್ಲಾಯಿತು. ಊಟಕ್ಕೆ ಹಾಲು ಸೇರಿಸಿದಾಗ ತಪ್ಪಿತು. 1960ರ ದಶಕದಲ್ಲಿ ಥಾಯ್ಲೆಂಡಿನ ಈಶಾನ್ಯದ ಹಳ್ಳಿಗಳಲ್ಲೂ ಇಂಥದೇ ಕಥೆ ಕಂಡಿತು. ಅಲ್ಲಿ ಹುಟ್ಟಿದ ಕೆಲವೇ ವಾರಗಳಲ್ಲಿ ಎಳೆಗೂಸಿಗೆ ತಾಯಿ ಅಂಟಕ್ಕಿಯ ಅನ್ನ ಅಗಿದು ತಿನ್ನಿಸುವ ರೂಢಿಯಿತ್ತು. ಎದೆಹಾಲಿನ ಜಾಗವನ್ನು ಅನ್ನ ಹಿಡಿದಾಗ ಮೈಗೆ ರಂಜಕ ಸಾಲುವುದಿಲ್ಲ, ಮೂತ್ರ ಕಡಿಮೆಯಾಗಿ ಗಟ್ಟಿಯಾಗುತ್ತದೆ, ಯೂರಿಕ್ ಆಮ್ಲದ ಲವಣ ಚೀಲದ ತಳದಲ್ಲಿ ಕೂರುತ್ತದೆ. ಹೆಣ್ಣುಮಕ್ಕಳ ಮೂತ್ರದ್ವಾರ ಗಿಡ್ಡ, ಸಣ್ಣ ಹರಳು ಜಾರಿ ಹೋಗುತ್ತದೆ. ಗಂಡುಮಕ್ಕಳದು ಉದ್ದ, ಸಿಕ್ಕಿಕೊಳ್ಳುತ್ತದೆ.

ಮನೆಗಳಲ್ಲಿ ಹಾಲು, ಬೇಳೆ, ಮೊಟ್ಟೆ ಬಂದಂತೆ ಆ ಕಲ್ಲು ಹಿಂದೆ ಸರಿಯಿತು. ಕಲ್ಲು ಹೋಯಿತೇ? ಇಲ್ಲ, ಮೇಲಕ್ಕೆ ಹತ್ತಿತು. ಈಗ ನಾವು ನೋಡುವ ಕಲ್ಲುಗಳಲ್ಲಿ ಹೆಚ್ಚಿನವು ಕಿಡ್ನಿಯವು, ಕ್ಯಾಲ್ಸಿಯಂ ಆಕ್ಸಲೇಟಿನವು. ಬಡತನದ ಕಲ್ಲಿನ ಜಾಗಕ್ಕೆ ಕುರುಕಲು ತಿಂಡಿಯ ಕಲ್ಲು ಬಂತು ಎಂದರೆ ಪೂರ್ತಿ ಸರಿಯಾಗಲಿಕ್ಕಿಲ್ಲ, ಆದರೆ ಪೂರ್ತಿ ತಪ್ಪೂ ಅಲ್ಲ. ಉಪ್ಪಿನ ಮಾತು ತಗೊಳ್ಳಿ. ಮೈಗೆ ಹೆಚ್ಚಾದ ಉಪ್ಪನ್ನು ಕಿಡ್ನಿ ಹೊರಗೆ ತಳ್ಳುವಾಗ ಕ್ಯಾಲ್ಸಿಯಂ ಕೂಡ ಅದರ ಬೆನ್ನಿಗೆ ಬೀಳುತ್ತದೆ. ಚಿಪ್ಸ್, ಹಪ್ಪಳ, ಉಪ್ಪಿನಕಾಯಿ, ನೂಡಲ್ಸಿನ ಮಸಾಲೆ ಪೊಟ್ಟಣ ಇವೆಲ್ಲ ಸೇರಿ ಮಗುವಿನ ಮೂತ್ರದಲ್ಲಿ ಕ್ಯಾಲ್ಸಿಯಂ ಏರಿಸುತ್ತವೆ. ಕೆಲವು ಮಕ್ಕಳಿಗೆ ಯಾವ ತಪ್ಪೂ ಇಲ್ಲದೆ, ಹುಟ್ಟುಗುಣವಾಗಿ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುತ್ತದೆ. ಅಂಥ ಮನೆಯಲ್ಲಿ ವಿಚಾರಿಸಿದರೆ ಅಪ್ಪನಿಗೋ ದೊಡ್ಡಪ್ಪನಿಗೋ ಕಲ್ಲು ಆಗಿದ್ದ ಸುದ್ದಿ ಹೊರಬೀಳುತ್ತದೆ.

ಇಲ್ಲಿ ಒಂದು ತಪ್ಪನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಕಲ್ಲು ಕ್ಯಾಲ್ಸಿಯಂನದು ಎಂದು ರಿಪೋರ್ಟಿನಲ್ಲಿ ಓದಿದ ತಕ್ಷಣ ಮಗುವಿಗೆ ಹಾಲು, ಮೊಸರು ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ನಿಲ್ಲಿಸಬೇಡಿ. ಊಟದ ಜೊತೆ ಹೋದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದ ಜೊತೆ ಕಳಿಸುತ್ತದೆ. ಹಾಲು ಮೊಸರು ನಿಂತರೆ ಆ ಆಕ್ಸಲೇಟ್ ರಕ್ತಕ್ಕೆ ಸೇರಿ ಮೂತ್ರಕ್ಕೆ ಬರುತ್ತದೆ, ಕಲ್ಲು ಹೆಚ್ಚುತ್ತದೆ, ಮೇಲಿಂದ ಮಗುವಿನ ಮೂಳೆ ಸೊರಗುತ್ತದೆ. ಪಾಲಕ್, ಹರಿವೆ, ಬಸಳೆಯಲ್ಲಿ ಆಕ್ಸಲೇಟ್ ಇದೆ ನಿಜ. ಸೊಪ್ಪಿನ ಹುಳಿಯ ಹಿಂದೆಯೇ ಮಜ್ಜಿಗೆ ಅನ್ನ ಉಣ್ಣುವ ನಮ್ಮ ಪದ್ಧತಿಯನ್ನು ಯಾವ ಪ್ರಯೋಗಾಲಯವೂ ಹೇಳಿಕೊಟ್ಟದ್ದಲ್ಲ, ಆದರೂ ಲೆಕ್ಕ ಸರಿಯಾಗಿ ಕೂಡುತ್ತದೆ.

ಈಗ ಅಜ್ಜಿಯ ಡಬ್ಬಿಗೆ ಬರುತ್ತೇನೆ. ಆ ಕಲ್ಲನ್ನು ಪರೀಕ್ಷೆಗೆ ಕಳಿಸಿದೆವು. ಹುಡುಗನ ಮೂತ್ರದ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗಲೇ ಅರ್ಧ ಉತ್ತರ ಸಿಕ್ಕಿತ್ತು. ಆರು ಮೂಲೆಯ ಚಪ್ಪಟೆ ಹರಳುಗಳು, ಜೇನುಗೂಡಿನ ಕಣ್ಣುಗಳನ್ನು ಒಂದೊಂದಾಗಿ ಕತ್ತರಿಸಿ ಚೆಲ್ಲಿದ ಹಾಗೆ. ಇದು ಸಿಸ್ಟೀನ್. ನಮ್ಮ ಕೂದಲು, ಉಗುರಿಗೆ ಗಟ್ಟಿತನ ಕೊಡುವ ಪದಾರ್ಥ. ಎಲ್ಲರ ರಕ್ತದಿಂದಲೂ ಇದು ಕಿಡ್ನಿಯ ಸೋಸುಗಕ್ಕೆ ಇಳಿಯುತ್ತದೆ, ಎಲ್ಲರ ಕಿಡ್ನಿಯೂ ಅದನ್ನು ವಾಪಸು ಹೀರಿಕೊಳ್ಳುತ್ತದೆ. ಈ ಮಕ್ಕಳಲ್ಲಿ ವಾಪಸು ಹೀರುವ ಬಾಗಿಲು ಕೆಟ್ಟಿರುತ್ತದೆ. ಒಂದು ಲೀಟರ್ ಮೂತ್ರದಲ್ಲಿ ಸುಮಾರು 250 ಮಿಲಿಗ್ರಾಂ ಸಿಸ್ಟೀನ್ ಕರಗಬಲ್ಲದು, ಅದಕ್ಕಿಂತ ಹೆಚ್ಚಾದದ್ದು ಹರಳು.

ಈ ಪದಾರ್ಥ ಲೋಕಕ್ಕೆ ಗೊತ್ತಾದದ್ದೇ ಒಂದು ಮಗುವಿನ ಕಲ್ಲಿನಿಂದ. 1810ರಲ್ಲಿ ಲಂಡನ್ನಿನ ವಿಲಿಯಂ ವೊಲಸ್ಟನ್ ಎಂಬ ರಸಾಯನಶಾಸ್ತ್ರಜ್ಞ ಅಲ್ಲಿಯವರೆಗೆ ಕಂಡ ಯಾವ ಕಲ್ಲನ್ನೂ ಹೋಲದ ಹೊಸ ಬಗೆಯೊಂದನ್ನು ವರ್ಣಿಸಿದ. ಅವನಿಗೆ ಆ ಕಲ್ಲು ಸಿಕ್ಕಿದ್ದು ನಾರ್ವಿಚ್ಚಿನ ವೈದ್ಯರೊಬ್ಬರಿಂದ. ಆ ವೈದ್ಯರ ಸಹೋದರ ಐದು ವರ್ಷದವನಿದ್ದಾಗ ತೆಗೆದ ಕಲ್ಲು ಅದು. ಯಾರೋ ಅದನ್ನು ಎಸೆಯದೆ ಇಟ್ಟುಕೊಂಡಿದ್ದರು. ಮೂತ್ರಕೋಶಕ್ಕೆ ಗ್ರೀಕಿನಲ್ಲಿರುವ ಹೆಸರಿನಿಂದಲೇ ಸಿಸ್ಟೀನ್ ಎಂಬ ಹೆಸರು ಬಂತು. ಮುಂದೆ 1908ರಲ್ಲಿ ಆರ್ಚಿಬಾಲ್ಡ್ ಗ್ಯಾರಡ್ ಹುಟ್ಟಿನಿಂದಲೇ ಬರುವ ರಾಸಾಯನಿಕ ದೋಷಗಳ ಬಗ್ಗೆ ಪ್ರಸಿದ್ಧ ಉಪನ್ಯಾಸಗಳನ್ನು ಕೊಟ್ಟಾಗ ಆರಿಸಿಕೊಂಡ ನಾಲ್ಕು ಉದಾಹರಣೆಗಳಲ್ಲಿ ಇದೂ ಒಂದು. ಅದೇ ಗ್ಯಾರಡ್ 1902ರಲ್ಲಿ, ಮೂತ್ರ ಕಪ್ಪಾಗುವ ಇನ್ನೊಂದು ಹುಟ್ಟುದೋಷದ ಮಕ್ಕಳನ್ನು ನೋಡುತ್ತಾ, ಅವರ ತಂದೆತಾಯಿ ಹೆಚ್ಚಾಗಿ ಒಡಹುಟ್ಟಿದವರ ಮಕ್ಕಳು ಎಂಬುದನ್ನು ಗುರುತಿಸಿದ್ದ.

ಅಜ್ಜಿಯನ್ನು ಕೇಳಿದೆ, "ಸೊಸೆ ನಿಮಗೆ ಹೊರಗಿನವರೋ, ಒಳಗಿನವರೋ?" "ಹೊರಗಿನವಳು ಯಾಕಾಗ್ತಾಳೆ, ನನ್ನ ಮಗಳ ಮಗಳು. ನನ್ನ ಕೊನೇ ಮಗನಿಗೇ ತಂದ್ಕೊಂಡ್ವಿ" ಎಂದರು.

ಅಕ್ಕನ ಮಗಳನ್ನು ತರುವುದು, ಸೋದರತ್ತೆಯ ಮಗಳನ್ನೋ ಸೋದರಮಾವನ ಮಗಳನ್ನೋ ಮಾಡಿಕೊಳ್ಳುವುದು ನಮ್ಮಲ್ಲಿ ಎಷ್ಟು ಹಳೆಯ ರೂಢಿ ಎಂದು ಹೇಳಬೇಕಿಲ್ಲ. ಇವತ್ತಿಗೂ ಕರ್ನಾಟಕದ ಮದುವೆಗಳಲ್ಲಿ ನಾಲ್ಕರಲ್ಲೊಂದರ ಆಸುಪಾಸು ನೆಂಟರೊಳಗಿನವು. ನಾನು ಇದನ್ನು ಹೀಗಳೆಯಲು ಬಂದಿಲ್ಲ. ನನ್ನ ತಾಯಿತಂದೆಯೂ ಸೋದರ ಸಂಬಂಧದವರೇ. ಆದರೆ ಲೆಕ್ಕ ಹೀಗಿದೆ. ಪ್ರತಿಯೊಬ್ಬರಲ್ಲೂ ಕೆಟ್ಟುಹೋದ ಕೆಲವು ವಂಶವಾಹಿಗಳು ಇರುತ್ತವೆ. ಜೋಡಿಯಲ್ಲಿ ಇನ್ನೊಂದು ಸರಿಯಿರುವುದರಿಂದ ನಡೆದುಹೋಗುತ್ತದೆ. ಗಂಡಹೆಂಡಿರಿಬ್ಬರಿಗೂ ಒಬ್ಬನೇ ಮುತ್ತಜ್ಜನಿಂದ ಅದೇ ಕೆಟ್ಟ ಪ್ರತಿ ಬಂದಿದ್ದರೆ, ಮಗುವಿಗೆ ಎರಡೂ ಕೆಟ್ಟವೇ ಸಿಗುವ ಸಂಭವ ನಾಲ್ಕರಲ್ಲಿ ಒಂದು. ಸಿಸ್ಟೀನ್ ಕಲ್ಲಿನದು ಬಹುಮಟ್ಟಿಗೆ ಈ ಜಾಡು. ಇದೇ ಜಾಡಿನ ಇನ್ನೆರಡು ದೋಷಗಳಿವೆ. ಒಂದು ಬಹಳ ಕ್ರೂರ, ಇನ್ನೊಂದಕ್ಕೆ ಮದ್ದು ಬಹಳ ಅಗ್ಗ.

ಕ್ರೂರವಾದದ್ದು ಆಕ್ಸಲೇಟಿನದು. ಇದರಲ್ಲಿ ತಪ್ಪು ಕಿಡ್ನಿಯದಲ್ಲ, ಈರಲಿಯದು. ಅಲ್ಲಿಯ ಒಂದು ಕಿಣ್ವ ಕೆಲಸ ಮಾಡದೆ ಮೈಯೇ ಆಕ್ಸಲೇಟನ್ನು ವಿಪರೀತ ತಯಾರಿಸುತ್ತದೆ. ಕಲ್ಲಿನ ಮೇಲೆ ಕಲ್ಲು, ಆಮೇಲೆ ಕಿಡ್ನಿ ಸೋಲುತ್ತದೆ, ಸೋತ ಮೇಲೆ ಆಕ್ಸಲೇಟ್ ಮೂಳೆ, ಕಣ್ಣು, ಹೃದಯದಲ್ಲಿ ಕೂರುತ್ತದೆ. ಕಾರಣ ಗೊತ್ತಿಲ್ಲದೆ ಬರೀ ಕಿಡ್ನಿ ಕಸಿ ಮಾಡಿದರೆ ಹೊಸ ಕಿಡ್ನಿಯೂ ಅದೇ ದಾರಿ ಹಿಡಿಯುತ್ತದೆ, ಏಕೆಂದರೆ ಆಕ್ಸಲೇಟಿನ ಕಾರ್ಖಾನೆ ಈರಲಿಯಲ್ಲಿ ಹಾಗೇ ನಡೆಯುತ್ತಿರುತ್ತದೆ. ಕೆಲವು ಮಕ್ಕಳು ಬಿ6 ವಿಟಮಿನ್ನಿಗೆ ಒಲಿಯುತ್ತಾರೆ. 2020ರಲ್ಲಿ ಈರಲಿಯ ಆ ಕಾರ್ಖಾನೆಯನ್ನು ತಗ್ಗಿಸುವ ಹೊಸ ಚುಚ್ಚುಮದ್ದಿಗೆ ಅಮೆರಿಕ, ಯೂರೋಪಿನಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಬೆಲೆಯನ್ನು ನಮ್ಮ ರೈತನ ಮನೆಯಲ್ಲಿ ಹೇಳುವ ಹಾಗಿಲ್ಲ.

ಅಗ್ಗದ್ದೆಂದೆನಲ್ಲ, ಅದು ಕಿಡ್ನಿಯ ಕೊಳವೆಗಳು ಮೈಯ ಹುಳಿಯನ್ನು, ಅಂದರೆ ಆಮ್ಲವನ್ನು, ಹೊರಹಾಕಲಾರದೆ ಆಗುವ ದೋಷ. ಈ ಮಗುವನ್ನು ಕಲ್ಲಿನ ಮಗು ಎಂದು ಯಾರೂ ಮೊದಲಿಗೆ ತರುವುದಿಲ್ಲ. ವಯಸ್ಸಿಗೆ ತಕ್ಕ ಹಾಗೆ ಬೆಳೆದಿಲ್ಲ, ಕಾಲು ಬಿಲ್ಲಿನಂತೆ ಬಾಗಿದೆ, ಚೊಂಬುಗಟ್ಟಲೆ ನೀರು ಕುಡಿಯುತ್ತದೆ, ಆಗಾಗ ಕೈಕಾಲು ಸೋತು ಮಲಗಿಬಿಡುತ್ತದೆ ಎಂದು ತರುತ್ತಾರೆ. ಕೆಲವರಿಗೆ ಕಿವಿಯೂ ಕೇಳಿಸುವುದಿಲ್ಲ. ಸ್ಕ್ಯಾನ್ ಮಾಡಿದರೆ ಎರಡೂ ಕಿಡ್ನಿಯೊಳಗೆ ಸುಣ್ಣ ಎರಚಿದ ಹಾಗೆ ಕ್ಯಾಲ್ಸಿಯಂ. ರಕ್ತದ ಹುಳಿ ಹೆಚ್ಚಾದಾಗ ಮೂಳೆ ಕರಗಿ ಕ್ಯಾಲ್ಸಿಯಂ ಮೂತ್ರಕ್ಕೆ ಬರುತ್ತದೆ, ತಡೆಯಬೇಕಾದ ಸಿಟ್ರೇಟ್ ಮೂತ್ರದಲ್ಲಿ ಇಲ್ಲವಾಗುತ್ತದೆ. ಮದ್ದೆಂದರೆ ಆ ಹುಳಿಯನ್ನು ಮುರಿಯುವ ಕ್ಷಾರದ ದ್ರಾವಣ, ದಿನಕ್ಕೆ ಮೂರು ನಾಲ್ಕು ಸಲ. ಖರ್ಚು ಕೆಲವೇ ರೂಪಾಯಿ. ಶುರು ಮಾಡಿದ ಒಂದು ವರ್ಷದಲ್ಲಿ ಅಂಗಿ ಗಿಡ್ಡವಾಗುವಷ್ಟು ಮಗು ಬೆಳೆಯುವುದನ್ನು ನೋಡುವುದು ನಮ್ಮ ಕೆಲಸದ ದೊಡ್ಡ ಸುಖಗಳಲ್ಲೊಂದು. ಈ ಮಕ್ಕಳನ್ನು ವರ್ಷಗಟ್ಟಲೆ ಬರೀ ಕ್ಯಾಲ್ಸಿಯಂ ಮಾತ್ರೆ, ಟಾನಿಕ್ಕಿನಲ್ಲಿ ಇಟ್ಟಿರುವುದನ್ನು ಕಂಡಾಗ ಮಾತ್ರ ನನಗೆ ಸಿಟ್ಟು ತಡೆಯಲಾಗುವುದಿಲ್ಲ.

ಕೆಲವು ಕಲ್ಲುಗಳಿಗೆ ಕಾರಣ ರಸಾಯನದಲ್ಲಿಲ್ಲ, ಕೊಳಾಯಿಯಲ್ಲಿದೆ. ಕಿಡ್ನಿಯಿಂದ ಮೂತ್ರನಾಳ ಹೊರಡುವ ಜಾಗ ಹುಟ್ಟಿನಿಂದ ಕಿರಿದಾಗಿರಬಹುದು. ಗಂಡುಮಗುವಿನ ಮೂತ್ರದ್ವಾರದೊಳಗೆ ಪೊರೆಯೊಂದು ಅಡ್ಡ ನಿಂತಿರಬಹುದು. ಬೆನ್ನುಹುರಿಯ ದೋಷದಿಂದ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಇರಬಹುದು. ಮೂತ್ರ ಮಡುಗಟ್ಟಿದಲ್ಲಿ ಸೋಂಕು ಬರುತ್ತದೆ. ಪ್ರೋಟಿಯಸ್ ಮುಂತಾದ ಕೆಲವು ಬ್ಯಾಕ್ಟೀರಿಯಾಗಳು ಯೂರಿಯಾವನ್ನು ಒಡೆದು ಅಮೋನಿಯ ಮಾಡುತ್ತವೆ. ಆಗ ಮೂತ್ರ ಕ್ಷಾರವಾಗಿ, ಮೆಗ್ನೀಸಿಯಂ ಅಮೋನಿಯಂ ಫಾಸ್ಫೇಟಿನ ಕಲ್ಲು ಬಲು ಬೇಗ ಬೆಳೆಯುತ್ತದೆ. ಕಿಡ್ನಿಯ ಒಳಗಿನ ಮೂಲೆಮೂಲೆಗೂ ಕವಲೊಡೆದು ಜಿಂಕೆಯ ಕೊಂಬಿನ ಆಕಾರ ತಾಳುತ್ತದೆ. ಚಿಕ್ಕ ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ, ಇದು ಹೆಚ್ಚು. ಮಗ ಉಚ್ಚೆ ಹೊಯ್ಯುವಾಗ ಧಾರೆ ದೂರ ಬೀಳುತ್ತದೆಯೋ, ತೊಟ್ಟು ತೊಟ್ಟಾಗಿ ಕಾಲ ಬುಡದಲ್ಲೇ ಬೀಳುತ್ತದೆಯೋ ಎಂಬುದನ್ನು ತಾಯಿ ಒಮ್ಮೆ ಗಮನಿಸಿ ಹೇಳಿದರೆ ನಮಗೆ ಎಷ್ಟೋ ಪರೀಕ್ಷೆ ಉಳಿಯುತ್ತದೆ.

ಇನ್ನು ನಾವೇ ಕೈಯಾರೆ ಕೊಟ್ಟು ತಂದುಕೊಳ್ಳುವ ಕಲ್ಲುಗಳು. ದಿನ ತುಂಬದೆ ಹುಟ್ಟಿದ ಕೂಸಿಗೆ ಕೊಡುವ ಮೂತ್ರ ಹೆಚ್ಚಿಸುವ ಔಷಧ ಕ್ಯಾಲ್ಸಿಯಂ ಅನ್ನೂ ಹೊರಗೆಳೆಯುತ್ತದೆ. ಫಿಟ್ಸಿಗೆ ಕೊಡುವ ಟೋಪಿರಮೇಟ್, ಫಿಟ್ಸಿಗಾಗಿಯೇ ಮಾಡುವ ಕೀಟೋ ಪಥ್ಯ, ಸೋಂಕಿಗೆ ಚುಚ್ಚುವ ಸೆಫ್ಟ್ರಿಯಾಕ್ಸೋನ್ ಇವುಗಳಿಂದಲೂ ಕಲ್ಲಾಗಬಹುದು. ಕೊನೆಯದು ಹೆಚ್ಚಾಗಿ ಮದ್ದು ನಿಲ್ಲಿಸಿದ ಮೇಲೆ ತಾನೇ ಕರಗಿ ಹೋಗುತ್ತದೆ. ಈ ಔಷಧಗಳೆಲ್ಲ ಬೇಕಾದವೇ, ವೈದ್ಯರನ್ನು ಕೇಳದೆ ಯಾವುದನ್ನೂ ನಿಲ್ಲಿಸಬೇಡಿ. ನನಗೆ ಹೆಚ್ಚು ಭಯ ವಿಟಮಿನ್ ಡಿ ಮೇಲೆ. ಎಳೆಗೂಸಿಗೆ ದಿನಕ್ಕೆ 400 ಯೂನಿಟ್ ಸಾಕು. ಅಂಗಡಿಯಲ್ಲಿ ಸಿಗುವ ಹನಿಗಳಲ್ಲಿ ಒಂದೊಂದು ಬಾಟಲಿಯ ಸಾಂದ್ರತೆ ಒಂದೊಂದು. 60,000 ಯೂನಿಟ್ಟಿನ ಪುಡಿಯನ್ನು ವಾರಕ್ಕೊಂದು ಎಂದು ಬರೆದುಕೊಟ್ಟರೆ ದಿನಕ್ಕೊಂದು ಕೊಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಮಗು ವಾಂತಿ ಮಾಡುತ್ತಾ, ಮಲಬದ್ಧತೆಯಿಂದ ನರಳುತ್ತಾ ಬರುತ್ತದೆ, ಕಿಡ್ನಿಯಲ್ಲಿ ಕ್ಯಾಲ್ಸಿಯಂ ಕೂತಿರುತ್ತದೆ.

ಕೊಡುವವರ ಕೈ ಎಷ್ಟು ಹೇಸಿಗೆಯದಾಗಬಲ್ಲದು ಎಂಬುದಕ್ಕೆ 2008ರ ಚೀನಾ ಇದೆ. ನೀರು ಬೆರೆಸಿದ ಹಾಲು ಪರೀಕ್ಷೆಯಲ್ಲಿ ಗಟ್ಟಿ ಎಂದು ತೋರಲಿ ಎಂದು ಅಲ್ಲಿ ಮೆಲಮಿನ್ ಬೆರೆಸಿದ್ದರು. ನಮ್ಮ ಮನೆಯ ತಟ್ಟೆ ಬಟ್ಟಲು ಮಾಡುವ ಮೆಲಮಿನ್ನೇ. ಹಾಲಿನ ಪರೀಕ್ಷೆ ಅಳೆಯುವುದು ಸಾರಜನಕವನ್ನು, ಮೆಲಮಿನ್ನಿನಲ್ಲಿ ಅದು ಯಥೇಚ್ಛ. ಆ ಹಾಲಿನ ಪುಡಿ ಕುಡಿದ ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಆರು ಕೂಸುಗಳು ಸತ್ತವು. ಕೂಸುಗಳಲ್ಲಿ ಕಲ್ಲು ಅಪರೂಪ, ಇಷ್ಟೊಂದು ಒಟ್ಟಿಗೆ ಯಾಕೆ ಬರುತ್ತಿವೆ ಎಂಬ ಪ್ರಶ್ನೆಯೇ ಆ ಮೋಸವನ್ನು ಹೊರಗೆಳೆಯಿತು.

ದೊಡ್ಡವರಿಗೆ ಕಲ್ಲಿನ ನೋವು ಪಕ್ಕೆಯಿಂದ ತೊಡೆಸಂದಿಗೆ ಇಳಿಯುತ್ತದೆ. ಮೂರು ವರ್ಷದ ಮಗು ಹೊಟ್ಟೆ ನೋವು ಎಂದಷ್ಟೇ ಅಳುತ್ತದೆ, ಕೈ ತೋರಿಸುವುದು ಹೊಕ್ಕುಳಿಗೆ. ಜಂತು, ದೃಷ್ಟಿ, ಗ್ಯಾಸು ಎಲ್ಲ ಮುಗಿದ ಮೇಲೆ ನಮ್ಮ ಸರದಿ. ಮೂತ್ರ ಕೆಂಪಾಗಿ ಅಥವಾ ಕಾಫಿ ಬಣ್ಣದಲ್ಲಿ ಬಂದರೆ, ಮತ್ತೆ ಮತ್ತೆ ಉರಿಮೂತ್ರ, ಚಳಿಜ್ವರ ಬಂದರೆ, ಒಂದು ಅಲ್ಟ್ರಾಸೌಂಡ್ ಮಾಡಿಸಿ. ಅದರಲ್ಲಿ ವಿಕಿರಣವಿಲ್ಲ, ಮೊದಲ ಪರೀಕ್ಷೆಯಾಗಿ ಮಕ್ಕಳಿಗೆ ಅದೇ ಸಾಕು. ಜ್ವರದ ಜೊತೆ ಮೂತ್ರ ಕಟ್ಟಿದರೆ ಮಾತ್ರ ಕಾಯಬಾರದು, ಅದೇ ರಾತ್ರಿ ಆಸ್ಪತ್ರೆ ಸೇರಬೇಕು.

ಕಲ್ಲು ಬೀಳುವ ಹಾಗಿದ್ದರೆ ಮೂತ್ರವನ್ನು ಹಳೆಯ ಪಂಚೆಯ ತುಂಡಿನಲ್ಲೋ ಟೀ ಸೋಸುವ ಜರಡಿಯಲ್ಲೋ ಸೋಸಿ. ಸಿಕ್ಕಿದ ಕಲ್ಲನ್ನು ತೊಳೆದು ಒಣಗಿಸಿ ತನ್ನಿ. ಆಪರೇಷನ್ ಮಾಡಿದ ಕಡೆ ಕಲ್ಲು ಕೊಡಿ, ಪರೀಕ್ಷೆಗೆ ಕಳಿಸಿ ಎಂದು ಬಾಯಿ ಬಿಟ್ಟು ಕೇಳಿ. ಆಮೇಲೆ 24 ಗಂಟೆಯ ಮೂತ್ರ. ಬೆಳಗ್ಗೆ ಎದ್ದು ಹೊಯ್ಯುವ ಮೊದಲನೆಯದು ಬಚ್ಚಲಿಗೆ. ಅಲ್ಲಿಂದ ಮಾರನೇ ಬೆಳಗಿನ ಮೊದಲನೆಯದರವರೆಗೆ ಎಲ್ಲವೂ ಕ್ಯಾನಿಗೆ. ಹೇಳುವುದು ಸುಲಭ. ಒಬ್ಬ ತಾಯಿ ಭಾನುವಾರವೆಲ್ಲ ಕ್ಯಾನು ಹಿಡಿದು ಮಗನ ಹಿಂದೆ ಓಡಿದ ಕಥೆ ಹೇಳಿ ನಮ್ಮ ನರ್ಸುಗಳನ್ನೆಲ್ಲ ನಗಿಸಿದ್ದರು. ಸಂಜೆ ಅವನು ಹೋಗಿ ಪಕ್ಕದ ಮನೆಯ ದಾಸವಾಳದ ಗಿಡಕ್ಕೆ ಹೊಯ್ದು ಬಂದನಂತೆ.

ಶಾಲೆಯ ಮಾತು ಆಡದೆ ಈ ವಿಷಯ ಮುಗಿಯುವುದಿಲ್ಲ. 2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಬಾರಿಸುವ ಕ್ರಮ ಬಂತು, ನಮ್ಮಲ್ಲೂ ಅದರ ಸುದ್ದಿಯಾಯಿತು. ಒಳ್ಳೆಯದೇ. ಆದರೆ ಎಷ್ಟೋ ಹೆಣ್ಣುಮಕ್ಕಳು ತುಂಬಿದ ಬಾಟಲಿಯನ್ನು ಹಾಗೇ ಮನೆಗೆ ತರುತ್ತಾರೆ. ಬಾಯಾರಿಕೆ ಇಲ್ಲವೆಂದಲ್ಲ. ಕುಡಿದರೆ ಹೋಗಬೇಕು, ಹೋಗುವ ಜಾಗಕ್ಕೆ ಚಿಲಕವಿಲ್ಲ, ನೀರಿಲ್ಲ. ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಬಿಗಿಹಿಡಿದ ಮೂತ್ರದಿಂದ ಸೋಂಕು, ಕಲ್ಲು ಎರಡಕ್ಕೂ ಅನುಕೂಲ. ಗಂಟೆಯ ಜೊತೆ ಚಿಲಕವನ್ನೂ ಹಾಕಿಸಿಕೊಡಿ ಎಂದು ಶಾಲೆಯವರಲ್ಲಿ ನನ್ನ ಬೇಡಿಕೆ. ಐದರಿಂದ ಹತ್ತು ವರ್ಷದ, ಕಲ್ಲು ಬಂದಿದ್ದ ಮಗು ದಿನಕ್ಕೆ ಒಂದೂವರೆ ಲೀಟರಿನಷ್ಟಾದರೂ ಕುಡಿಯಬೇಕು. ಬೆಳಗಿನ ಮೊದಲನೆಯದು ಬಿಟ್ಟರೆ ಉಳಿದ ಮೂತ್ರ ಹೆಚ್ಚುಕಡಿಮೆ ನೀರಿನ ಬಣ್ಣದಲ್ಲಿರಬೇಕು.

ಬಾಳೆದಿಂಡಿನ ರಸ, ಹುರುಳಿ ಕಟ್ಟು, ಬಾರ್ಲಿ ನೀರು, ಕಾಡುಬಸಳೆ ಎಲೆ ಇವನ್ನು ಕೊಡಬಹುದೇ ಎಂದು ಕೇಳುತ್ತೀರಿ. ಬಾಳೆದಿಂಡಿನ ಪಲ್ಯ ನನಗೂ ಇಷ್ಟ. ಬಾರ್ಲಿ ನೀರು, ಎಳನೀರು, ಸಕ್ಕರೆ ಉಪ್ಪು ಕಡಿಮೆ ಹಾಕಿದ ನಿಂಬೆ ಶರಬತ್ತು ಧಾರಾಳವಾಗಿ ಕೊಡಿ. ಅವುಗಳ ಜೊತೆ ಹೊಟ್ಟೆಗೆ ಹೋಗುವ ನೀರು ತನ್ನ ಕೆಲಸ ಮಾಡುತ್ತದೆ. ಸಣ್ಣ ಕಲ್ಲು ನೀರಿನ ರಭಸಕ್ಕೆ ಬಿದ್ದುಹೋಗುವುದೂ ಉಂಟು, ಆಗ ಹೆಸರು ದಿಂಡಿಗೆ ಬರುತ್ತದೆ. ಆದರೆ ಕಟ್ಟಿಕೊಂಡ ಆಕ್ಸಲೇಟ್ ಕಲ್ಲನ್ನು ಕರಗಿಸುವ ರಸ ಯಾವುದೂ ಇಲ್ಲ. ಕಿಡ್ನಿಯ ಹುಟ್ಟುದೋಷವಿರುವ ಮಗುವನ್ನು ಆರು ತಿಂಗಳು ಎಲೆ ತಿನ್ನಿಸುತ್ತಾ ಕೂರಿಸಿದರೆ, ಆ ಆರು ತಿಂಗಳು ಮತ್ತೆ ಸಿಗುವುದಿಲ್ಲ.

ಅಜ್ಜಿಯ ಮೊಮ್ಮಗನಿಗೆ ಈಗ ಹನ್ನೊಂದು. ಉಪ್ಪು ಕಡಿಮೆ, ಮೂತ್ರವನ್ನು ಕ್ಷಾರವಾಗಿಡುವ ಸಿಟ್ರೇಟ್ ದ್ರಾವಣ, ಎಲ್ಲಕ್ಕಿಂತ ಹೆಚ್ಚಾಗಿ ನೀರು. ಸಿಸ್ಟೀನ್ ಹರಳುಗಟ್ಟುವುದು ಹೆಚ್ಚಾಗಿ ರಾತ್ರಿ, ಮೂತ್ರ ಗಟ್ಟಿಯಾದಾಗ. ಆದ್ದರಿಂದ ನಡುರಾತ್ರಿ ಎದ್ದು ಒಂದು ಚೊಂಬು ನೀರು ಕುಡಿಯಬೇಕು. ಮೊಬೈಲಿನಲ್ಲಿ ಅಲಾರಂ ಇಟ್ಟಿದ್ದಾರೆ, ಅದಕ್ಕೆ ಮೊದಲೇ ಅಜ್ಜಿ ಎದ್ದಿರುತ್ತಾರೆ. ಅವನ ತಂಗಿಯ ಮೂತ್ರವನ್ನೂ ಆಗಲೇ ಪರೀಕ್ಷೆ ಮಾಡಿಸಿದ್ದೆವು. ಅವಳಲ್ಲೂ ಅದೇ ದೋಷವಿತ್ತು. ಕಲ್ಲು ಹುಟ್ಟುವ ಮೊದಲೇ ನೀರಿನ ಅಭ್ಯಾಸ ಶುರುವಾದ್ದರಿಂದ ಅವಳಿಗೆ ಇವತ್ತಿನವರೆಗೆ ಒಂದೂ ಆಗಿಲ್ಲ.

ವರ್ಷಕ್ಕೆ ಎರಡು ಸಲ ಬರುತ್ತಾರೆ. ಡಬ್ಬಿಯನ್ನು ಅಜ್ಜಿ ಪ್ರತಿ ಸಲವೂ ತರುತ್ತಾರೆ, ಮುಚ್ಚಳ ತೆಗೆದು ಖಾಲಿ ಇದೆ ಎಂದು ತೋರಿಸುತ್ತಾರೆ. ಹೋದ ಸಲ ಬಂದಾಗ ಮಾತ್ರ ತಳದಲ್ಲಿ ಸಾಸಿವೆ ಕಾಳಿನಷ್ಟು ಎರಡು ಹರಳಿದ್ದವು. ಬೇಸಗೆಯಲ್ಲಿ ಎರಡು ತಿಂಗಳು ಅಜ್ಜಿ ಇನ್ನೊಬ್ಬ ಮೊಮ್ಮಗಳ ಬಾಣಂತನಕ್ಕೆಂದು ಹಿರಿಯೂರಿಗೆ ಹೋಗಿದ್ದರಂತೆ.